ಗಟಾರ ತೆಗೀರಿ

ನಮ್ಮ ಮಗ್ಗಲ ಮನಿ ಮೋನಮ್ಮ ಸುರಪುರದ ಸಾಲ್ಯಾಗ ಬಿಸಿಯೂಟದ ಅಡಗಿ ಮಾಡತಾಳ. ಬಾಯಿ ಜೋರು, ಆದ್ರ ಮಾತು ಯಾವಾಗ್ಲೂ ಅರ್ಧ. ಉಳಿದರ್ಧ ನಾವಽ ತಿಳಕೋಬೇಕು. ನಮಗ ರೂಢಿ ಐತಿ. ಹೊರಗಿನವರಿಗೆ ಎಲ್ಲಿಂದ ಬರಬೇಕು?

ಮಗಳು ಪಂಚಶೀಲಾ ಬಾಣಂತನಕ್ಕ ಬಂದಿದ್ಲು. ಕೂಸಿಗೆ ಇನ್ನಾ ತಿಂಗಳು ತುಂಬಿರಲಿಲ್ಲ. ಮೋನಮ್ಮನ ಜೀವೆಲ್ಲ ಆ ಕೂಸಿನ ಮ್ಯಾಲ. ಮನಿ ಮುಂದಿನ ಗಟಾರದಾಗ ಪ್ಲಾಸ್ಟಿಕ್ಕು, ಹೂಳು ತುಂಬಿ, ನೀರು ನಿಂತು, ಸೊಳ್ಳಿ ಅಂದ್ರ ಸೊಳ್ಳಿ. ಕಸ ಹಾಕಾವ್ರೂ ನಾವಽ, ಬೈಯಾವ್ರೂ ನಾವಽ!

ಅದಽ ಹೊತ್ತಿನ್ಯಾಗ ಓಣ್ಯಾಗ ಸಿಮೆಂಟ್ ರಸ್ತೆ ಹಾಕಾಕ ಗುತ್ತೇದಾರ ನೀಲಕಂಠ ಬಂದ. ಮೈಸೂರು ಕಡಿಯಾಂವ. ಮೋನಮ್ಮ ಬಾಗಿಲದಾಗ ನಿಂತು ಕೂಗಿದ್ಲು: "ಅಣ್ಣಾರ, ಮೊದಲ ನಮ್ಮ ಮನಿ ಮುಂದಿನ ಗಟಾರ ತೆಗೀರಿ! ಕೂಸೈತಿ ಮನ್ಯಾಗ."

"ಆಯ್ತಮ್ಮ, ತೆಗೆದುಬಿಡ್ತೀವಿ" ಅಂದ.

ನಮ್ಮ ಕಡಿ ಗಟಾರ ತೆಗಿಯೋದಂದ್ರ ಒಳಗಿನ ಹೂಳು ತೆಗಿಯೋದು. ಆ ಪುಣ್ಯಾತ್ಮ ಗಟಾರನಽ ತೆಗದುಬಿಟ್ಟ! ಆಕಿ ಸಾಲಿಗೆ ಹೋಗಿ ಬರೂದ್ರಾಗ ಗರಸು ಮಣ್ಣು ತುಂಬಿ, ಮ್ಯಾಲ ಸಿಮೆಂಟ್ ಬಳದಿದ್ದ.

"ಇದೇನಬೇ ಯವ್ವಾ, ತೆಗೀರಂದ್ರ ಮುಚ್ಯಾರಲ್ಲ?" ಅಂತ ಮೋನಮ್ಮ ತಲಿ ಕೆರಕೊಂಡ್ಲು.

ನನಗರ ಏನ್ ಗೊತ್ತು? "ಒಳಗ ಪೈಪ್ ಹಾಕಿರಬೇಕು ಬಿಡಕ್ಕಾ" ಅಂದೆ. ಸೊಳ್ಳಿನೂ ಕಮ್ಮಿ ಆದ್ವು. ಅದರ ಮ್ಯಾಲ ಕೂಸಿನ ಅರಬಿ ಒಣ ಹಾಕಿ ಸುಮ್ಮನಾದ್ವಿ.

ಮಿರಗದ ಮಳಿ ಒಂದು ಮಧ್ಯಾಹ್ನ ಧೋ ಅಂತ ಹೊಡೀತು. ಗುಡ್ಡದ ನೀರು ಮ್ಯಾಲಿನ ಓಣಿ ಗಟಾರದಾಗ ಇಳದು, ನಮ್ಮ ಮುಂದ ಹಾದು, ಕೆರಿ ಸೇರಬೇಕು. ಮ್ಯಾಲ ಗಟಾರೈತಿ, ಕೆಳಗ ಗಟಾರೈತಿ, ನಡುವ ಇಲ್ಲ. ನೀರು ಎಲ್ಲಿ ಹೋಗಬೇಕು? ಮೋನಮ್ಮನ ಮನಿ ಹೊಕ್ಕಿತು.

ನಾ ಓಡಿಹೋದ್ರ ಆಕಿ ನೀರಾಗ ನಿಂತು ಚೀರಾಕತ್ತಿದ್ಲು: "ಗಟಾರನಽ ಇಲ್ಲ, ಗಟಾರದ ನೀರು ಎಲ್ಲಿಂದ ಬಂತಬೇ?" ಪಂಚಶೀಲಾ ಬಚ್ಚಲದಾಗಿದ್ಲು. ನೆಲದ ಮ್ಯಾಲ ಕೂಸು ಮಲಗಿದ್ದ ಕೌದಿ ತೇಲಾಕತ್ತಿತ್ತು. ಮೋನಮ್ಮ ಕೂಸಿನ್ನ ಬಾಚಿಕೊಂಡು, ಓಣಿ ತುದ್ಯಾಗ ತಾಡಪತ್ರಿ ಕೆಳಗ ನಿಂತಿದ್ದ ನೀಲಕಂಠನ ಕಡಿ ಓಡಿದ್ಲು. ಹಿಂದ ನಾನು.

"ಗಟಾರ ತೆಗಿಯೋ!"

"ತೆಗೆದಿದ್ದೀವಲ್ಲಮ್ಮಾ!"

"ಮತ್ತ ತೆಗಿ!"

"ಅಲ್ಲಿ ಏನೂ ಇಲ್ವಲ್ಲ, ಇನ್ನೇನು ತೆಗೀಲಿ?"

ಪಾಪ, ಅಂವನ ಮಾರಿ ನೋಡಿದ್ರ ಖರೇನಽ ತಿಳಿದಿರಲಿಲ್ಲ. ಇಬ್ರದೂ ಕನ್ನಡನಽ, ಇಬ್ರದೂ ಒಂದಽ ಮಾತು! ನಗಬೇಕೋ ಅಳಬೇಕೋ ನನಗ ತಿಳೀಲಿಲ್ಲ.

ಮೋನಮ್ಮ ತೊಯ್ದು ತಪ್ಪಡಿಯಾದ ಕೂಸಿನ್ನ ಅಂವನ ಕೈಯಾಗ ಇಟ್ಲು. ಅಲ್ಲಿದ್ದ ಹಾರಿ ಕಸಗೊಂಡು ಹೋಗಿ, ಮನಿ ಮುಂದಿನ ಸಿಮೆಂಟಿಗೆ ಹೊಡದ್ಲು. ಮತ್ತ ಹೊಡದ್ಲು. "ತೆಗಿಯೋದಂದ್ರ ಹಿಂಗ! ಹಿಂಗ!"

ನೀಲಕಂಠ ಹಿಂದಽ ಬಂದ. ಕೂಸು ಅಳವಲ್ದು, ತುಟಿ ನಡಗಾಕತ್ತಾವ. ಅಂವ ಅದರ ಮಾರಿ ನೋಡಿದ, ಬಾಗಿಲದಾಗಿಂದ ಒಳಗ ನುಗ್ಗೋ ನೀರು ನೋಡಿದ. ಕೂಸಿನ್ನ ನನ್ನ ಕೈಗೆ ಕೊಟ್ಟು ಸಲಿಕಿ ಹಿಡಿದ.

"ಎಲ್ಲಿವರೆಗೆ ತೆಗೀಬೇಕಮ್ಮಾ?"

ಆಗ ಕೂಸು ಕಿಟಾರಂತ ಚೀರಿತು. ಮೋನಮ್ಮ ಹಾರಿ ಊರಿ ಹೋ ಅಂತ ಅತ್ಲು. ಅಳಕೋತನಽ, ಜೀವನದಾಗ ಮೊದಲ ಸಲ, ಪೂರಾ ಮಾತು ಹೇಳಿದ್ಲು: "ಗುಡ್ಡದಿಂದ ಕೆರಿ ತನಕ, ವರ್ಷ ವರ್ಷ ಮಳಿಗಿಂತ ಮೊದಲ, ಒಳಗಿನ ಹೂಳು ತೆಗೀಬೇಕೋ ಯಪ್ಪಾ. ಗಟಾರ ಮಾತ್ರ ಅಲ್ಲೇ ಇರಬೇಕು."