ತಿಗಣೆಯೂ ನಾಲ್ಕೂವರೆಯ ಬಸ್ಸೂ

ಯಾರ ಮನೆಯಲ್ಲಿ ಉಳಿದರೂ ಮಲಗುವ ಮುನ್ನ ಹಾಸಿಗೆಯ ಮೂಲೆ ಎತ್ತಿ, ಕನ್ನಡಕ ಸರಿಪಡಿಸಿಕೊಂಡು, ಅದರ ಹೊಲಿಗೆಯ ಗೆರೆಗಳನ್ನು ಪರಿಶೀಲಿಸುವ ಅಸಭ್ಯ ಅಭ್ಯಾಸವೊಂದು ಈಚೆಗೆ ನನಗೆ ಅಂಟಿಕೊಂಡಿದೆ. ಮೊನ್ನೆ ಶಿರ್ತಾಡಿಯ ಬೀಗರ ಮನೆಯಲ್ಲಿ, ಅವರು ನೀರಿನ ತಂಬಿಗೆ ಹಿಡಿದು ಒಳಗೆ ಬರುವ ಹೊತ್ತಿಗೆ, ನಾನು ಮಂಚದ ಅಡಿಗೆ ಅರ್ಧ ತೂರಿಕೊಂಡಿದ್ದೆ. ಉಂಗುರ ಬಿದ್ದಿದೆ ಎಂದು ಹೇಳಿ ಹೆಂಡತಿ ನನ್ನ ಮಾನ ಉಳಿಸಿದಳು. ನಾನು ಉಂಗುರ ಹಾಕುವವನೇ ಅಲ್ಲ ಎಂಬುದು ಬೀಗರಿಗೆ ಚೆನ್ನಾಗಿಯೇ ಗೊತ್ತಿತ್ತು.

ತಿಗಣೆಯನ್ನು ಹುಡುಕುವವರು ಸಾಮಾನ್ಯವಾಗಿ ತಿಗಣೆಯನ್ನೇ ಹುಡುಕುತ್ತಾರೆ, ಅದು ತಪ್ಪು. ಅದು ಮಹಾ ಸಂಕೋಚದ ಪ್ರಾಣಿ, ಹಗಲಿನಲ್ಲಿ ದರ್ಶನ ಕೊಡುವುದಿಲ್ಲ. ಹುಡುಕಬೇಕಾದದ್ದು ಅದರ ಕುರುಹುಗಳನ್ನು: ಹೊಲಿಗೆಯ ಉದ್ದಕ್ಕೆ ಶಾಯಿ ಚಿಮುಕಿಸಿದಂಥ ಕಪ್ಪು ಚುಕ್ಕಿ, ಮಂಚದ ಸಂದಿನಲ್ಲಿ ಹೊಟ್ಟಿನಂತೆ ಉದುರಿದ ಪೊರೆ, ಮೂಗು ಹತ್ತಿರ ತಂದರೆ ಕೊಳೆತ ಕೊತ್ತಂಬರಿ ಸೊಪ್ಪಿನ ವಾಸನೆ. ಎಲ್ಲಕ್ಕಿಂತ ಮಿಗಿಲಾಗಿ, ಮೈಮೇಲೆ ಒಂದರ ಪಕ್ಕ ಒಂದು ಎದ್ದ ಕೆಂಪು ಗುಳ್ಳೆಗಳ ಸಾಲು. ಈ ವಿದ್ವತ್ತು ಒಂದೆರಡು ವರ್ಷ ಮೊದಲೇ ನನಗೆ ಬಂದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಈಗ ಹಳಹಳಿಸುತ್ತೇನೆ.

ನನ್ನ ಅಕ್ಕನ ಮನೆ ಬೆಳ್ತಂಗಡಿಯಲ್ಲಿ. ಮೂಡುಬಿದಿರೆಯಿಂದ ಬಸ್ಸು ಹತ್ತಿ ತಿಂಗಳಿಗೊಮ್ಮೆಯಾದರೂ ಅಲ್ಲಿಗೆ ಹೋಗಿ ರಾತ್ರಿ ಉಳಿಯುವುದು ನಿವೃತ್ತಿಯ ನಂತರ ನಾನು ಪಾಲಿಸಿಕೊಂಡು ಬಂದ ಏಕೈಕ ವ್ರತ. ಅಕ್ಕನ ಮೇಲಿನ ವಾತ್ಸಲ್ಯವೇ ಕಾರಣವೆಂದು ಜನ ತಿಳಿದಿದ್ದರು; ನಿಜವಾದ ಆಕರ್ಷಣೆ ಭಾವ. ಆಯುಷ್ಯವಿಡೀ ಹೋಟೆಲು ನಡೆಸಿದ ಶೀನಪ್ಪ ಭಾವನಲ್ಲಿ ಗಿರಾಕಿಗಳ ಕಥೆಗಳ ಒಂದು ಉಗ್ರಾಣವೇ ಇತ್ತು. ಊಟ ಮುಗಿಸಿ ಚಾವಡಿಯ ಅಗಲವಾದ ಮಂಚದಲ್ಲಿ ನಾವಿಬ್ಬರೂ ಅಡ್ಡಾದರೆ ಆ ಉಗ್ರಾಣದ ಬಾಗಿಲು ತೆರೆಯುತ್ತಿತ್ತು. ಕಥೆಯ ನಡುವೆ ನಾನು ನಿದ್ದೆ ಹೋದರೂ ಅವರು ಬೇಸರಿಸುತ್ತಿರಲಿಲ್ಲ.

ಅಕ್ಕನ ಮಗಳ ನಿಶ್ಚಿತಾರ್ಥಕ್ಕೆ ನೆಂಟರು ತುಂಬಿದಾಗ, ನಮ್ಮ ಕಡೆಯ ಪದ್ಧತಿಯಂತೆ ಶಾಮಿಯಾನದವರಿಂದಲೇ ಹಾಸಿಗೆಗಳನ್ನೂ ಬಾಡಿಗೆಗೆ ತಂದಿದ್ದರು. ಅದಾಗಿ ಕೆಲವು ವಾರಕ್ಕೆ ನಾನು ಹೋಗಿ ಮಲಗಿ ಎದ್ದಾಗ ಮೊಣಕೈ ಕೆಳಗೆ ಗುಳ್ಳೆಗಳು. ಕಾಫಿಯ ಹೊತ್ತಿಗೆ ಎಲ್ಲರೆದುರು ಕೈ ಚಾಚಿ, ಬೆಳ್ತಂಗಡಿಯ ಸೊಳ್ಳೆಗಳು ಬಹಳ ಶಿಸ್ತಿನವು, ಸಾಲು ಹಿಡಿದು ಕಚ್ಚುತ್ತವೆ ಎಂದು ವಿನೋದ ಮಾಡಿದೆ. ಭಾವ ಬಿದ್ದು ಬಿದ್ದು ನಕ್ಕರು. ಅಕ್ಕ ನನ್ನ ಕೈಯನ್ನು ಹಿಡಿದು ನೋಡಿ, ನಗದೆ ಒಳಗೆ ಹೋದಳು. ಹಾಸ್ಯಪ್ರಜ್ಞೆ ನಮ್ಮ ವಂಶದಲ್ಲಿ ನನಗೊಬ್ಬನಿಗೇ ಬಂದದ್ದು ಎಂದು ನಾನು ಹೆಮ್ಮೆಪಟ್ಟೆ.

ನಮ್ಮೂರಿನ ಅತಿಥಿಸತ್ಕಾರಕ್ಕೆ ಬರೆಯದ ಕಾನೂನೊಂದಿದೆ. ಹೊರಡುವ ಮಾತನ್ನು ನೆಂಟನೇ ಎತ್ತಬೇಕು, ಮನೆಯವರು ತಡೆಯಬೇಕು, ಆತ ಮತ್ತೊಮ್ಮೆ ಏಳಬೇಕು, ಅವರು ಮತ್ತೊಮ್ಮೆ ಚಹಾಕ್ಕೆ ಇಡಬೇಕು. ಬಸ್ಸಿನ ಹೆಸರನ್ನು ಮನೆಯವರು ಮೊದಲು ಎತ್ತಿದರೆ ಕತ್ತು ಹಿಡಿದು ದಬ್ಬಿದಂತೆಯೇ ಲೆಕ್ಕ. ಮುಂದಿನ ತಿಂಗಳು ನಾನು ಹೋದಾಗ ಊಟವೇನೋ ಭರ್ಜರಿಯಾಗಿಯೇ ಇತ್ತು. ಕೈ ತೊಳೆದು ಮಂಚದ ಕಡೆ ಹೊರಟವನನ್ನು ಅಕ್ಕ ಕುರ್ಚಿಯಲ್ಲಿ ಕೂರಿಸಿ, ಗೋಡೆಯ ಗಡಿಯಾರ ನೋಡುತ್ತ ಹೇಳಿದಳು, "ನಾಲ್ಕೂವರೆಗೆ ಒಂದು ಬಸ್ಸು ಉಂಟು."

ಭಾವ ತಲೆ ತಗ್ಗಿಸಿ ವೀಳ್ಯದೆಲೆಯ ನಾರು ತೆಗೆಯುತ್ತಿದ್ದರು. ನಾನು ಆ ಬಸ್ಸಿಗೇ ಬಂದೆ. ವೇಣೂರು ದಾಟುವವರೆಗೂ ನನ್ನ ಯಾವ ಅಪರಾಧಕ್ಕೆ ಈ ಗಡೀಪಾರು ಎಂದು ಯೋಚಿಸಿದೆ. ಆಮೇಲೆ ಯೋಚಿಸುವುದನ್ನು ಬಿಟ್ಟು ಸಿಟ್ಟು ಮಾಡಿಕೊಂಡೆ, ಅದು ಸುಲಭ. ಕೆಲವು ತಿಂಗಳ ಮೇಲೆ ಅಕ್ಕ ಫೋನು ಮಾಡಿ, ಬಾ, ಎರಡು ದಿವಸ ಇದ್ದು ಹೋಗು ಎಂದಳು. ಪುರುಸೊತ್ತಿಲ್ಲ ಎಂದೆ. ಮತ್ತೆ ಕರೆದಳು, ಮತ್ತೆ ಅದೇ ಉತ್ತರ. ನಿವೃತ್ತನಾದ ನನ್ನಷ್ಟು ಪುರುಸೊತ್ತು ಇರುವವರು ಇಡೀ ತಾಲೂಕಿನಲ್ಲಿ ಸಿಗುವುದು ಕಷ್ಟ ಎಂಬುದು ಅವಳಿಗೆ ತಿಳಿಯದ್ದೇನಲ್ಲ.

ಹಾಗಿರುವಾಗ ಭಾವನಿಗೆ ಪಾರ್ಶ್ವವಾಯು ಬಡಿಯಿತು. ಜೀವ ಉಳಿಯಿತು, ಎಡಗೈ ಸ್ವಲ್ಪ ಆಡುತ್ತದೆ, ಮಾತು ಮಾತ್ರ ಪೂರ್ತಿ ಹೋಯಿತು. ಆಸ್ಪತ್ರೆಯಿಂದ ಮನೆಗೆ ಕರೆತಂದ ದಿನ ನಾನೂ ಜೊತೆಗಿದ್ದೆ. ಭಾವನನ್ನು ಮಲಗಿಸಿ, ಜಗಲಿಯಲ್ಲಿ ಕುಳಿತು ಅಕ್ಕ ನನ್ನ ಮುಖ ನೋಡದೆ ಹೇಳಿದಳು.

"ಹಾಸಿಗೆಯಲ್ಲಿ ತಿಗಣೆ ಆಗಿತ್ತು ಮಾರಾಯ. ನೀನು ಕೈ ತೋರಿಸಿದಾಗಲೇ ನನಗೆ ಗೊತ್ತಾಯ್ತು. ನಿನ್ನ ಹತ್ತಿರ ಹೇಗೆ ಹೇಳುವುದು? ನೀನು ಅದರ ಮೇಲೂ ತಮಾಷೆ ಮಾಡುವವ."

ಅವರು ಪಟ್ಟ ಪಾಡನ್ನು ಆಮೇಲೆ ಒಂದೊಂದಾಗಿ ವಿವರಿಸಿದಳು. ಮಂಚದ ಸಂದುಗಳಿಗೆ ಕುದಿಯುವ ನೀರು ಹೊಯ್ದದ್ದು, ಹಾಸಿಗೆಯನ್ನು ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಬಿಗಿದು ತಾರಸಿಯ ಬಿಸಿಲಿಗೆ ಹಾಕಿದ್ದು, ಕೊನೆಗೆ ಮದ್ದು ಹೊಡೆಯುವವನನ್ನು ಕರೆದದ್ದು, ಮೊಟ್ಟೆಯೊಡೆದು ಬಂದವುಗಳಿಗಾಗಿ ಆತ ಮತ್ತೊಮ್ಮೆ ಬಂದದ್ದು. ನೆರೆಮನೆಯವರಿಗೆ ಗೆದ್ದಲೆಂದು ಹೇಳಿದರಂತೆ. ಗೆದ್ದಲು ಮರ್ಯಾದಸ್ಥರ ಮನೆಗೂ ಬರುತ್ತದಲ್ಲ. ತಿಗಣೆಯೆಲ್ಲ ಹೋದ ಮೇಲೆ ಭಾವ ವಾರವಾರವೂ, ಅವನಿಗೆ ಫೋನು ಮಾಡು, ಮಂಚ ಖಾಲಿ ಉಂಟು ಹೇಳು ಎನ್ನುತ್ತಿದ್ದರಂತೆ. ಇದನ್ನು ಹೇಳುವಾಗ ಅಕ್ಕ ಅತ್ತಳು. ನಾನೂ ಅತ್ತೆ.

ಈಗ ವಾರಕ್ಕೊಮ್ಮೆ ಹೋಗುತ್ತೇನೆ. ಮಧ್ಯಾಹ್ನದ ಊಟದ ನಂತರ ಭಾವನ ಪಕ್ಕ ಅಡ್ಡಾಗಿ, ಅವರ ಕಥೆಗಳನ್ನು ಅವರಿಗೇ ಹೇಳುವುದು ನನ್ನ ಕೆಲಸ. ಮೊನ್ನೆ ಪಾಣೆಮಂಗಳೂರಿನ ಗಿರಾಕಿಯೊಬ್ಬ ಗೋಳಿಬಜೆ ತಿಂದು ಬೇರೆಯವರ ಕೊಡೆ ಎತ್ತಿಕೊಂಡು ಹೋದ ಕಥೆ ಸುರುಮಾಡಿದೆ. ಅರ್ಧದಲ್ಲಿ ಭಾವ ಎಡಗೈ ಎತ್ತಿ ತಡೆದರು. ಎಲ್ಲೋ ತಪ್ಪಿದೆ. ಹಿಂದೆ ಹೋಗಿ ಬೇರೆ ರೀತಿ ಹೇಳಿದೆ. ಮತ್ತೆ ಕೈ ಎತ್ತಿದರು. ತುಟಿ ಅಲುಗಿತು, ಬರಿ ಉಸಿರು ಬಂತು. ಕೊಡೆಯ ವಾರಸುದಾರ ಯಾರೆಂದು ನನಗೆ ನೆನಪಿಲ್ಲ. ಆ ಭಾಗಕ್ಕೆ ಬರುವಾಗ ನಾನು ನಿದ್ದೆ ಹೋಗಿದ್ದಿರಬೇಕು. ಲೋಟ ಒಯ್ಯಲು ಬಂದ ಅಕ್ಕನನ್ನು ಕೇಳಿದೆ.

"ನನಗೆ ಗೊತ್ತಿಲ್ಲ," ಎಂದಳು. "ಅದನ್ನೆಲ್ಲ ಅವರು ನಿನಗೆ ಮಾತ್ರ ಹೇಳ್ತಿದ್ದದ್ದು."