ಹಿಂದೆ ಉಳಿದ ಚಪ್ಪಲಿ

ಇವತ್ತು ಬೆಳಿಗ್ಗೆ ಪಕ್ಕದ ಮನೆಯಿಂದ ಹರಳೆಣ್ಣೆ ಕಾಯಿಸುವ ವಾಸನೆ ಬಂತು. ನಿಮಗೆ ಅದು ತಲೆಗೆ ಎಣ್ಣೆ ಒತ್ತಿಕೊಳ್ಳುವ ಭಾನುವಾರದ ವಾಸನೆಯಾಗಿರಬಹುದು. ನನಗೆ ಎಡಗಾಲಿನ ಅಂಗಾಲು ತಣ್ಣಗಾಯಿತು. ಪತ್ರಿಕೆ ಮಡಿಸಿಟ್ಟು, ಗೇಟಿನ ಸದ್ದಿಗೆ ಕಾದು ಕೂತೆ.

ಕಾರಣ ಹೇಳುತ್ತೇನೆ. ನಾನು ಹುಟ್ಟುವಾಗ ಕಾಲು ಮುಂದಾಗಿ ಬಂದವನು. ಅಂಥವರು ಎಡಗಾಲಿನಿಂದ ಮೂರು ಸಲ ತುಳಿದರೆ ಹಿಡಿದ ಸೊಂಟ ಬಿಡುತ್ತದೆ ಎಂದು ನಮ್ಮ ಕಡೆ ನಂಬಿಕೆ. ನೋವಿದ್ದವರು ಬರಿಹೊಟ್ಟೆಯಲ್ಲಿ, ಬಿಸಿ ಹರಳೆಣ್ಣೆಯ ಬಟ್ಟಲು ಹಿಡಿದು ಬರುತ್ತಾರೆ. ಸೊಂಟಕ್ಕೆ ಸವರಿಕೊಂಡು ಚಾಪೆಯ ಮೇಲೆ ಬೋರಲು ಮಲಗುತ್ತಾರೆ. ಹೆಮ್ಮರಗಾಲದ ನಮ್ಮ ಮನೆಯ ಜಗಲಿಯಲ್ಲಿ ಏಳನೆಯ ವಯಸ್ಸಿಗೇ ನಾನು ಈ ವೈದ್ಯಕ್ಕೆ ಇಳಿದೆ. ನನ್ನನ್ನು ಗದರಿಸುತ್ತಿದ್ದ ದೊಡ್ಡವರೇ ನನ್ನ ಕಾಲಡಿ ಮಲಗಿ, ಎದ್ದು "ಅಬ್ಬ, ಅಗುರಾಯ್ತು ಕಣ್ಲಾ" ಎಂದು ಕೈಗೆ ಒಂದಚ್ಚು ಬೆಲ್ಲ ಇಡುತ್ತಿದ್ದರು. ಆ ಹೆಮ್ಮೆ ಇಳಿಯಲೇ ಇಲ್ಲ. ಮುಂದೆ ಓದಿ ನಂಜನಗೂಡಿನಲ್ಲಿ ಹೈಸ್ಕೂಲು ಮೇಷ್ಟ್ರಾದೆ. ಹೇಳುವ ಪಾಠ ವಿಜ್ಞಾನ. ಶನಿವಾರ ಬೋರ್ಡಿನ ಮೇಲೆ ಬೆನ್ನುಹುರಿ ಬರೆದವನು ಭಾನುವಾರ ಬೆನ್ನು ತುಳಿಯುತ್ತಿದ್ದೆ. ಎರಡಕ್ಕೂ ಜಗಳವಿದೆ ಎಂದು ಅನಿಸಿರಲಿಲ್ಲ. ಕಾಲು ತಾಗಿಸುತ್ತೇನೆ ಅಷ್ಟೆ, ಭಾರ ಬಿಡುವುದಿಲ್ಲ ಎಂಬ ಸಮಾಧಾನ. ಏಳು ವರ್ಷದ ಮಗುವಿನ ತೂಕವೆಷ್ಟು, ನಲವತ್ತು ದಾಟಿ ಹೊಟ್ಟೆ ಬಂದವನ ತೂಕವೆಷ್ಟು ಎಂಬುದನ್ನು ಮಾತ್ರ ವಿಜ್ಞಾನದ ಮೇಷ್ಟ್ರು ಯೋಚಿಸಿರಲಿಲ್ಲ.

ಮಾದಪ್ಪ ಮಾವ ನನ್ನ ತಾಯಿಯ ತಮ್ಮ. ಸೋಮನಾಥಪುರದಲ್ಲಿ ಭತ್ತ ಬೆಳೆದು ನಾಲ್ಕು ಹಸು ಕಟ್ಟಿಕೊಂಡವರು. ದೇವಸ್ಥಾನ ನೋಡಲು ಬಂದವರು ದಾರಿ ಕೇಳಿದರೆ ಎಳನೀರು ಕುಡಿಸದೆ ದಾರಿ ಹೇಳುತ್ತಿರಲಿಲ್ಲ. ನಾಲ್ಕು ವರ್ಷದ ಹಿಂದೆ ಅವರಿಗೆ ಸೊಂಟದಿಂದ ಹೊರಟು, ತೊಡೆಯ ಹಿಂಬದಿ ಹಾದು ಪಾದದವರೆಗೆ ಕರೆಂಟು ಹೊಡೆದಂಥ ನೋವು ಶುರುವಾಯಿತು. ಇದು ಸಯಾಟಿಕಾ, ಮಾತ್ರೆ ತೆಗೆದುಕೊಂಡು ನಿಧಾನಕ್ಕೆ ನಡೆದಾಡಿ, ವ್ಯಾಯಾಮ ಮಾಡಿ, ಬಹಳ ಜನಕ್ಕೆ ಇಷ್ಟರಲ್ಲೇ ಕಡಿಮೆಯಾಗುತ್ತದೆ ಎಂದು ತಿ. ನರಸೀಪುರದ ಡಾಕ್ಟರು ಹೇಳಿದ್ದರು. ಮಾವ ಬಸ್ಸು ಹತ್ತಿ ನನ್ನ ಹತ್ತಿರ ಬಂದರು.

"ಮನೇಲೇ ಡಾಕ್ಟ್ರು ಮಡೀಕಂಡು ಊರು ಸುತ್ತದ್ಯಾಕ್ಲಾ?"

ಎರಡು ಸಲ ತಾಗಿಸಿದೆ. ಮಾವ ಚಾಪೆಯಿಂದಲೇ ನಕ್ಕರು. "ಏನ್ಲಾ, ಬೆಕ್ಕು ನಡ್ದಂಗೆ ನಡೀತೀಯೆ! ಮೇಷ್ಟ್ರಾದ್ಮೇಲೆ ಕಾಲ್ಗೂ ನಾಚ್ಕೆ ಬಂತಾ? ಒಸಿ ಬಲ ಬುಟ್ಟು ತುಳಿ."

ಮೂರನೆಯ ಸಲ ಬಲ ಬಿಟ್ಟೆ. ಕಾಲಡಿ ಏನೋ ಲಟಕ್ಕೆಂದಿತು. ಮಾವ ಒಂದು ಗಳಿಗೆ ಉಸಿರು ಹಿಡಿದು, ಆಮೇಲೆ ನಿಧಾನವಾಗಿ ಎದ್ದು ಕೂತರು. "ಓಯ್ತು ಕಣ್ಲಾ! ಕಾಲು ನೋವೇ ಇಲ್ಲ!" ನೋವು ನಿಜಕ್ಕೂ ಹೋಗಿತ್ತು. ಅದೇ ಕೆಟ್ಟ ಸುದ್ದಿ ಎಂದು ಇಬ್ಬರಿಗೂ ಗೊತ್ತಿರಲಿಲ್ಲ.

ಇಡ್ಲಿ ತಿಂದು, ಕಾಫಿ ಕುಡಿದು, ಮಾತಾಡಿಕೊಂಡಿದ್ದು, ಮಧ್ಯಾಹ್ನದ ಬಸ್ಸಿಗೆ ಹೊರಟರು. ನಾನು ಬಾಗಿಲಲ್ಲಿ ನಿಂತಿದ್ದೆ. ಚಪ್ಪಲಿ ಮೆಟ್ಟಿ ನಾಲ್ಕು ಹೆಜ್ಜೆ ನಡೆದರು. ಎಡಗಾಲಿನ ಚಪ್ಪಲಿ ಎರಡನೆಯ ಹೆಜ್ಜೆಯಲ್ಲೇ ಉಳಿಯಿತು. ಬರಿಗಾಲಿನ ಬೆರಳು ನೆಲ ಗೀರುತ್ತ ಹೋಗುತ್ತಿತ್ತು.

"ಮಾವ, ಚಪ್ಪಲಿ ಬಿಟ್ರಿ."

"ಎಲ್ಲಿ? ಆಕ್ಕೊಂಡೇ ಇವ್ನಲ್ಲಾ," ಎಂದು ಅವರು ಬಗ್ಗಿ ನೋಡಿದರು. ತಮ್ಮ ಪಾದವನ್ನು ಬೇರೆ ಯಾರದೋ ವಸ್ತುವನ್ನು ನೋಡುವ ಹಾಗೆ ನೋಡಿದರು. ಆ ಮುಖ ಈಗಲೂ ನನ್ನ ಕಣ್ಣೆದುರಿಗಿದೆ. ನಾನು ಓಡಿಹೋಗಿ ಹಿಡಿದುಕೊಳ್ಳಬೇಕಿತ್ತು. ಹಿಡಿಯಲಿಲ್ಲ. ಚಪ್ಪಲಿಯನ್ನೇ ನೋಡುತ್ತ ನಿಂತುಬಿಟ್ಟೆ.

ಅದೇ ಸಂಜೆ ಮೈಸೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಹೆಬ್ಬೆರಳು ಮೇಲೆತ್ತಿ ಎಂದರು. ಬೆರಳು ಅಲುಗಲಿಲ್ಲ. ಒಂದಕ್ಕೆ ಹೋಗಿದ್ದಿರಾ ಎಂದರು. "ಬೆಳಗಿಂದ ಬಂದಿಲ್ಲ ಸಾ. ಕೂತ್ರೆ ಕುಂಡಿ ಕೂತಂಗೇ ಗೊತ್ತಾಯ್ತಿಲ್ಲ." ಡಾಕ್ಟರು ಮುಂದಿನ ರೋಗಿಯನ್ನು ಕರೆಯಬೇಡಿ ಎಂದು ನರ್ಸಿಗೆ ಸನ್ನೆ ಮಾಡಿದರು. ಬೆನ್ನುಮೂಳೆಯ ನಡುವಿನ ಡಿಸ್ಕು ಜಾರಿ ನರಗಳನ್ನು ಒತ್ತಿದೆ, ಅವು ಮರಗಟ್ಟಿದ್ದಕ್ಕೇ ನೋವು ಹೋಗಿದೆ, ಇವತ್ತೇ ಆಪರೇಷನ್ ಆಗಬೇಕು, ತಡವಾದರೆ ಕಾಲಷ್ಟೇ ಅಲ್ಲ, ಮೂತ್ರದ ಹಿಡಿತವೂ ಹೋಗುತ್ತದೆ ಎಂದರು.

"ಬಿದ್ರಾ?"

"ಊಂ ಸಾ. ಕೊಟ್ಗೇಲಿ ಜಾರ್ದೆ," ಎಂದರು ಮಾವ, ನನ್ನ ಕಡೆ ನೋಡದೆ.

ಡಾಕ್ಟರು ನನ್ನತ್ತ ತಿರುಗಿದರು. "ನೀವು ನೋಡಿದ್ರಾ?"

"ನೋಡಿದೆ," ಎಂದೆ.

ಆಪರೇಷನ್ ಆಯಿತು. ಮೂತ್ರದ ಹಿಡಿತ ಮರಳಿತು. ಪಾದ ಮಾತ್ರ ಏಳಲಿಲ್ಲ. ವಾರಕ್ಕೆ ಮೂರು ಸಲ ನರಸೀಪುರದಲ್ಲಿ ಫಿಸಿಯೋಥೆರಪಿ. ರಜೆ ಹಾಕಿ ನಾನೇ ಕರೆದುಕೊಂಡು ಹೋಗುತ್ತಿದ್ದೆ. ಅಲ್ಲಿನ ಮೇಡಂ ಚಿಕ್ಕ ವಯಸ್ಸಿನವರು. ಪಾದ ಜೋಲದಂತೆ ಪಟ್ಟಿ ಕಟ್ಟಿಸಿದರು. ಮಂಡಿ ಮಡಿಸಿ ಚಾಚುವುದು, ಕಾಲ್ಬೆರಳಲ್ಲಿ ಟವೆಲು ಎಳೆಯುವುದು, ಹೊಟ್ಟೆ ಬಿಗಿಹಿಡಿದು ಸೊಂಟ ಎತ್ತುವುದು, ಭಾರ ಎತ್ತದೆ ನಾಲೆಯ ಏರಿಯ ಮೇಲೆ ದಿನಕ್ಕೊಂದಿಷ್ಟು ಹೆಚ್ಚು ನಡೆಯುವುದು. ಮಾವ ಟವೆಲಿಗೆ ಬೈಯುತ್ತಿದ್ದರು. "ಹಸು ಬೇಕಾರೆ ಎಳ್ದೇನು, ಈ ಮುಂಡೇದು ಬತ್ತಿಲ್ವಲ್ಲವ್ವ!"

ಮೂರನೆಯ ವಾರ ಮೇಡಂ ಕಾಲು ಚಾಚಿಸುತ್ತಲೇ ಅಂದರು, "ತುಳಿಸ್ಕೊಂಡು ಬರೋರೆಲ್ಲ ಇಲ್ಲಿ ಬಿದ್ದೆ ಅಂತಾನೇ ಹೇಳೋದು."

"ತುಳಿದವನು ನಾನೇ," ಎಂದೆ.

"ಅವುಂದೇನಿಲ್ಲ ಕಣವ್ವ," ಎಂದು ಮಾವ ಎದ್ದೇ ಕೂತರು. "ಬಲ ಬುಡು ಅಂದೋನು ನಾನು."

ಮೇಡಂ ಇಬ್ಬರನ್ನೂ ಬೈಯಲಿಲ್ಲ. ನನ್ನನ್ನು ನೆಲಕ್ಕೆ ಕೂರಿಸಿ ಮಾವನ ಹಿಮ್ಮಡಿಯನ್ನು ನನ್ನ ಅಂಗೈಗೆ ಇಟ್ಟರು. "ಇವರು ಎತ್ತೋಕೆ ನೋಡ್ಲಿ. ನೀವು ಹಿಡ್ಕೊಂಡಿರಿ, ಅಷ್ಟೆ. ದಿನಾ." ಎಷ್ಟೋ ಬೆನ್ನುಗಳನ್ನು ತುಳಿದಿದ್ದ ನಾನು ನೋವಿದ್ದವರನ್ನು ಕೈಯಿಂದ ಮುಟ್ಟಿದ್ದು ಅದೇ ಮೊದಲು.

ಐದು ತಿಂಗಳಿಗೆ ಪಾದ ಎದ್ದಿತು, ಪೂರ್ತಿಯಲ್ಲ. ಮಾವ ಈಗ ಹಿಂದೆ ಪಟ್ಟಿಯಿರುವ ಚಪ್ಪಲಿ ಹಾಕುತ್ತಾರೆ. ಹಾಲು ಕರೆಯಲು ಎತ್ತರದ ಸ್ಟೂಲು ಮಾಡಿಸಿಕೊಂಡಿದ್ದಾರೆ. ನಾನು ತುಳಿಯದಿದ್ದರೂ ಡಿಸ್ಕು ಜಾರುತ್ತಿತ್ತೇನೋ ಎಂದು ಡಾಕ್ಟರೊಬ್ಬರು ಆಮೇಲೆ ಹೇಳಿದರು. ಆ 'ಏನೋ' ನನಗೆ ಒರಗುವ ಗೋಡೆಯಾಗಿಲ್ಲ.

ಗೇಟು ಸದ್ದಾಯಿತು. ಪಕ್ಕದ ಮನೆಗೆ ಹೊಸದಾಗಿ ಬಂದ ಶಿವಣ್ಣ, ಒಂದು ಕೈ ಸೊಂಟದ ಮೇಲೆ, ಇನ್ನೊಂದು ಕೈಯಲ್ಲಿ ಬಟ್ಟಲು. "ಸಾ, ನಿಮ್ಮ ಕಾಲ್ಗುಣ ಯಾರೋ ಏಳುದ್ರು. ಕಾಲೆಲ್ಲ ಜೋವ್ ಅಂತದೆ. ಸುಮ್ಕೆ ಮೂರು ಒದ್ಬುಡಿ."

ಅವನನ್ನು ಕುರ್ಚಿಯಲ್ಲಿ ಕೂರಿಸಿ ನಾನು ನೆಲಕ್ಕೆ ಕೂತೆ. ಹಿಮ್ಮಡಿ ಹಿಡಿದು ಹೆಬ್ಬೆರಳು ಎತ್ತು ಎಂದೆ. ಎತ್ತಿದ. ಒಂದಕ್ಕೆ ಸರಿಯಾಗಿ ಹೋಗುತ್ತಿದೆಯಾ, ಕೂತ ಜಾಗ ಮರಗಟ್ಟಿದೆಯಾ ಎಂದು ಕೇಳಿದೆ. ಅವನಿಗೆ ನಗು ಬಂತು. "ಒದೀರಿ ಅಂದ್ರೆ ಇದೇನ್ಸಾ ಕೇಳೀರಿ?"

ಆಗ ಎಲ್ಲವನ್ನೂ ಹೇಳಿದೆ. "ನೋಡಿದೆ" ಎಂದ ಸುಳ್ಳನ್ನೂ ಬಿಡಲಿಲ್ಲ. ಯಾರೂ ಕೆದಕದೆ ಹೇಳಿದ್ದು ಇದೇ ಮೊದಲು. ಅವನ ನಗು ನಿಂತಿತ್ತು. ಡಾಕ್ಟರ ಹತ್ತಿರ ಹೋಗೋಣ, ನಾನೂ ಬರುತ್ತೇನೆ ಎಂದೆ. ಎಣ್ಣೆಯ ಬಟ್ಟಲು ಜಗಲಿಯ ಮೇಲೆ ಆರುತ್ತ ಉಳಿಯಿತು. ಶಿವಣ್ಣ ಚಪ್ಪಲಿ ಮೆಟ್ಟಿ ಮುಂದೆ ನಡೆದ. ನಾನು ಅವನ ತಲೆಯನ್ನಾಗಲಿ ರಸ್ತೆಯನ್ನಾಗಲಿ ನೋಡದೆ, ನೆಲ ನೋಡುತ್ತ ಹಿಂದೆ ಹೋದೆ. ಗೇಟಿನವರೆಗೂ ಎರಡೂ ಚಪ್ಪಲಿ ಅವನ ಜೊತೆಗೇ ಹೋದವು.