ಅರ್ತ್ ಪಿಟ್‌ನಲ್ಲಿ ತುಳಸಿ

ಮಾಕಳಿಯ ಆ ಶೆಡ್ಡು ನಾನು ಒಬ್ಬನೇ ನೋಡಿಕೊಂಡ ಮೊದಲ ಸೈಟು. ಅದಕ್ಕೂ ಮುಂಚೆ ಪೀಣ್ಯದಲ್ಲಿ ನಮ್ಮ ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಹಿಂದೆ ಅಲೆಯುತ್ತಾ, ಅವರು ಸ್ಪ್ಯಾನರ್ ಕೇಳಿದರೆ ಸುತ್ತಿಗೆ ಕೊಡುತ್ತಾ, ನನ್ನ ಡಿಪ್ಲೊಮಾವನ್ನು ಸಾರ್ಥಕ ಮಾಡಿಕೊಂಡಿದ್ದೆ. ಒಂದು ದಿನ ಅವರಿಗೆ ಏನನ್ನಿಸಿತೋ.

"ಮಗಾ, ಮಾಕಳಿ ನೀನೇ ನೋಡ್ಕೋ. ಇನ್‌ಸ್ಪೆಕ್ಷನ್ ಪಾಸ್ ಮಾಡಿಸ್ಕೊಂಡ್ ಬಂದ್ರೆ ಮುಂದಿನ ಸೈಟೂ ನಿಂದೇ. ಫೇಲ್ ಆದ್ರೆ ವಾಪಸ್ ಕೇಬಲ್ ಎಳೆಯೋಕ್ ಬಾ."

ಫೇಲ್ ಅನ್ನುವ ಪದ ನನ್ನ ಕಿವಿಗೆ ಬೀಳಲೇ ಇಲ್ಲ. ನನ್ನ ಆತ್ಮವಿಶ್ವಾಸಕ್ಕೆ ಫ್ಯೂಸ್ ಇಲ್ಲ. ಎಷ್ಟು ಲೋಡ್ ಹಾಕಿದರೂ ಹಾರುವುದಿಲ್ಲ.

ಶೆಡ್ಡಿನಲ್ಲಿ ರಬ್ಬರ್ ವಾಷರ್ ಮಾಡುವ ಮೆಷಿನ್‌ಗಳು ಆಗಲೇ ಬಂದು, ಟಾರ್ಪಾಲು ಹೊದ್ದು ಕೂತಿದ್ದವು. ಸರ್ಕಾರದ ಎಲೆಕ್ಟ್ರಿಕಲ್ ಇನ್‌ಸ್ಪೆಕ್ಟರ್ ನೋಡಿ, ಎಲ್ಲ ಸರಿ ಇದೆ ಅಂತ ಬರೆದುಕೊಡುವ ತನಕ ಕರೆಂಟಿಲ್ಲ. ಶೆಡ್ಡಿನ ಹಿಂದೆ ಎರಡು ಅರ್ತ್ ಪಿಟ್ ಮಾಡಿಸಿದ್ದೆ. ಆಳವಾಗಿ ಗುಂಡಿ ತೋಡಿ, ಪೈಪ್ ಇಳಿಸಿ, ಇದ್ದಿಲು ಉಪ್ಪು ತುಂಬಿ, ಪೈಪಿನ ತುದಿಗೆ ಅರ್ತ್ ತಂತಿಯನ್ನು ಬೋಲ್ಟ್ ಹಾಕಿ ಬಿಗಿದು, ಮೇಲೆ ಇಟ್ಟಿಗೆಯ ಪುಟ್ಟ ಚೌಕ ಕಟ್ಟಿ ಮುಚ್ಚಳ ಹಾಕುವುದು. ಎಲ್ಲಾದರೂ ಕರೆಂಟು ಲೀಕಾದರೆ ಮನುಷ್ಯರ ಮೈಗೆ ಹರಿಯದೆ ನೆಲಕ್ಕಿಳಿಯಲಿ ಅಂತ.

ಒಂದು ಪಿಟ್, ಆ ಜಾಗದ ಒಡತಿಯಾದ ಅಜ್ಜಿಯ ಮನೆ ಬಾಗಿಲಿಗೆ ಸರಿ ಎದುರಿತ್ತು. ಶೆಡ್ಡು ಏಳುವ ಮುಂಚೆ ಅಲ್ಲಿ ಅವರದೇ ರಾಗಿ ಹೊಲ. ಬಾಡಿಗೆ ವ್ಯವಹಾರವೆಲ್ಲ ಮಗನದಾದರೂ ಉಸ್ತುವಾರಿ ಅಜ್ಜಿಯದೇ.

"ಇದೇನ್ಲಾ ಮಗಾ, ಇಷ್ಟುದ್ದ ತೋಡಿ ಇಷ್ಟಗಲ ಬಾವಿ ಕಟ್ಟಿದ್ದೀಯ?" ಅಂತ ಕೇಳಿದ್ದರು.

ಅರ್ತಿಂಗ್ ಅಂದರೆ ಅಜ್ಜಿಗೆ ತಿಳಿಯುವುದಿಲ್ಲ ಅಂದುಕೊಂಡು, ನನ್ನೊಳಗಿನ ಕನ್ನಡ ಮೇಷ್ಟ್ರನ್ನು ಎಬ್ಬಿಸಿದೆ. "ಇದು ಭೂಮ್ತಾಯಿ ಜಾಗ ಅಜ್ಜಿ. ಕರೆಂಟು ಕೋಪ ಮಾಡ್ಕೊಂಡ್ರೆ ಅಮ್ಮ ಮಡ್ಲಿಗೆ ಹಾಕ್ಕೋತಾಳೆ. ದಿನಾ ಒಂದ್ ಚೊಂಬು ನೀರು ಹಾಕ್ತಿರಿ, ತಂಪಾಗಿರ್ಬೇಕು."

ಅಜ್ಜಿ ಪಿಟ್ಟಿಗೆ ಕೈ ಮುಗಿದರು. ಎಂಥಾ ವಿವರಣೆ ಅಂತ ನಾನು ನನಗೇ ಕೈ ಮುಗಿದುಕೊಂಡೆ.

ಅದಾದ ಒಂದು ತಿಂಗಳಿಗೆ, ಒಂದು ಶುಕ್ರವಾರ, ಇನ್‌ಸ್ಪೆಕ್ಷನ್ ಬಿತ್ತು; ಅಲ್ಲಿಯ ತನಕ ನಾನು ಶೆಡ್ಡಿನ ಹಿಂದಕ್ಕೆ ತಲೆ ಹಾಕಿರಲಿಲ್ಲ. ಬಂದವರು ಹಣೆಗೆ ವಿಭೂತಿ ಹಚ್ಚಿದ್ದ ಮೇಡಂ. ಹುಬ್ಬಳ್ಳಿ ಕಡೆಯ ಮಾತು. ನಾನು ಮುಂದೆ, ಅವರು ಹಿಂದೆ. ಪ್ಯಾನಲ್ ನೋಡಿದರು, ರಬ್ಬರ್ ಮ್ಯಾಟ್ ನೋಡಿದರು. ಶಾಕ್ ಹೊಡೆದವರಿಗೆ ಏನು ಮಾಡಬೇಕು ಅಂತ ಚಿತ್ರ ಇರುವ ಚಾರ್ಟಿನ ಮುಂದೆ ನಿಂತುಬಿಟ್ಟರು.

"ಇದನ್ನ ಯಾರ್ ಹಾಕಿದ್ರಿ?"

"ನಾನೇ ಮೇಡಂ," ಅಂದೆ ಎದೆಯುಬ್ಬಿಸಿ.

"ತಲಿಕೆಳಗ ಅದ. ಶಾಕ್ ಹೊಡ್ದಾವ ಛಾವಣಿಗೆ ಅಂಟ್ಕೊಂಡಾನಲ್ರಿ."

"ಅಷ್ಟ್ ಜೋರ್ ಶಾಕ್ ಮೇಡಂ."

ಮೇಡಂ ನಗಲಿಲ್ಲ. ಶೆಡ್ಡಿನ ಹಿಂದಕ್ಕೆ ಹೋದೆವು. ಮೊದಲ ಪಿಟ್ ಸರಿಯಿತ್ತು. ಎರಡನೆಯದು ಕಾಣಲಿಲ್ಲ. ಅದರ ಜಾಗದಲ್ಲಿ ಸೊಂಪಾದ ತುಳಸಿ ಗಿಡವೊಂದು ನಿಂತಿತ್ತು. ಚೌಕದ ಅಂಚಿನವರೆಗೂ ಕೆಂಪು ಮಣ್ಣು, ನಾಲ್ಕು ಕಡೆ ಅರಿಶಿನ ಕುಂಕುಮ, ಸುತ್ತ ರಂಗೋಲಿ. ನಾನು ಹಾಕಿದ್ದ ಮುಚ್ಚಳ ದೀಪ ಇಡುವ ಕಲ್ಲಾಗಿತ್ತು. ಎದುರಿಗೆ ಅಜ್ಜಿ ಚೊಂಬು ಹಿಡಿದು ನಿಂತಿದ್ದರು.

"ಬೋಲ್ಟು ಮಣ್ಣಾಗ ಹೋಗೇದ. ಬಿಚ್ಚಿ ಅಳೀಲಿಲ್ಲಂದ್ರ ನಾ ಹ್ಯಾಂಗ ಬರೀಲಿ? ಗಿಡ ತಗೀರಿ," ಅಂದರು ಮೇಡಂ.

"ಸುಕ್ರವಾರ ತುಳ್ಸಮ್ಮನ್ನ ಕಿತ್ತಾಕ್ತಾರೇನವ್ವಾ?" ಅಜ್ಜಿಯ ದನಿ ಏರಿತು. "ಈ ಉಡ್ಗನೇ ಯೋಳಿದ್ದು, ಇಲ್ಲಿ ಭೂಮ್ತಾಯಿ ಅವ್ಳೆ, ದಿನಾ ನೀರಾಕು ಅಂತ!"

ಮೇಡಂ ನನ್ನ ಕಡೆ ತಿರುಗಿದರು. "ನೀವ್ ಹೇಳಿದ್ರಿ?"

"ಅರ್ತ್ ಅನ್ನೋದನ್ನ ಕನ್ನಡಕ್ಕೆ ತಂದೆ ಮೇಡಂ."

ಅವರಿಗೆ ನೆಲಮಂಗಲದ ಕಡೆ ಇನ್ನೊಂದು ಫ್ಯಾಕ್ಟರಿ ನೋಡುವುದಿತ್ತು. "ಸಂಜಿಗೆ ಇದೇ ದಾರೀಲೆ ಹೊಳ್ಳಿ ಬರ್ತೀನಿ. ಬೋಲ್ಟ್ ಕಾಣಿಸ್ಬೇಕು. ಇಲ್ಲಂದ್ರ ಫೇಲ್ ಅಂತ ಬರೀತೀನಿ," ಅಂದು ಹೊರಟರು. ಅಷ್ಟರಲ್ಲಿ ಕಂಟ್ರಾಕ್ಟರ್ ಫೋನು.

"ಏನಾಯ್ತೋ?"

"ಚಿಕ್ಕ ವಿಷ್ಯ ಅಣ್ಣ. ಅರ್ತ್ ಪಿಟ್ಟಲ್ಲಿ ತುಳಸಿ ಬೆಳೆದಿದೆ."

"ತಾನಾಗೇ ಬೆಳೀತಾ?"

"ಸ್ವಲ್ಪ ಪ್ರೋತ್ಸಾಹ ಇತ್ತು."

"ನಿನ್ನ ಗ್ಲೌಸು ಇಲ್ಲೇ ಬಿಟ್ಟೋಗಿದ್ಯ. ಕೇಬಲ್ ಎಳೆಯೋಕೆ ಬೇಕಾಗತ್ತೆ, ತೆಗೆದಿಡ್ತೀನಿ," ಅಂದರು.

ಖಾಲಿ ಪೇಂಟ್ ಬಕೆಟ್ ತೊಳೆದು ತಂದು ಅಜ್ಜಿಯ ಮುಂದೆ ಹಿಡಿದೆ. "ಇದ್ರಲ್ಲಿ ಇಡೋಣ ಅಜ್ಜಿ, ಇವತ್ತೊಂದಿನ."

"ಬಣ್ಣದ್ ಬಕೀಟಲ್ಲಿ ನಿಮ್ಮವ್ವನ್ನ ಕೂರುಸ್ತೀಯೇನ್ಲಾ?"

ಬಕೆಟ್ ಕೆಳಗಿಟ್ಟೆ. ಜೋಕು ಹುಡುಕಿದೆ, ಸಿಗಲಿಲ್ಲ. "ಅಜ್ಜಿ, ಇದು ಪಾಸಾಗ್ಲಿಲ್ಲ ಅಂದ್ರೆ ನಂಗೆ ಇನ್ನೊಂದು ಸೈಟು ಕೊಡಲ್ಲ ಕಣಜ್ಜಿ," ಅಂದೆ.

ಅಜ್ಜಿ ನನ್ನನ್ನೂ ಗಿಡವನ್ನೂ ನೋಡಿದರು. "ಕೀಳೋದು ಬ್ಯಾರೆ, ಮನೆ ಬದಲಾಯ್ಸೋದು ಬ್ಯಾರೆ. ಬಾಡಿಗೇವ್ರನ್ನ ಎಬ್ಬಿಸ್ಬೇಕಾದ್ರೂ ಬ್ಯಾರೆ ಮನೆ ತೋರುಸ್ತೀವಿ. ಪಕ್ಕದಾಗೆ ಇನ್ನೊಂದು ಕಟ್ಟೆ ಕಟ್ಕೊಡು. ಬೇರಿಗೆ ಏಟಾಗ್ದಂಗೆ ನಾನೇ ಎತ್ತಿಡ್ತೀನಿ."

ಗಾರೆಯವರು ಆ ವಾರ ಬೇರೆ ಸೈಟಿನಲ್ಲಿದ್ದರು. ಮಿಕ್ಕಿದ್ದ ಇಟ್ಟಿಗೆ, ಸಿಮೆಂಟು ಎಳೆದುಕೊಂಡು ನಾನೇ ಕೂತೆ. ಕಲಸಿದ್ದರಲ್ಲಿ ಅರ್ಧ ಗೋಡೆಗೆ, ಅರ್ಧ ಪ್ಯಾಂಟಿಗೆ. ಮೊದಲ ಸಾಲು ತುಮಕೂರಿನ ಕಡೆ ನೋಡಿದರೆ ಎರಡನೆಯದು ಮೆಜೆಸ್ಟಿಕ್ ಕಡೆ ನೋಡುತ್ತಿತ್ತು. ಅಜ್ಜಿ ಜಗಲಿಯಲ್ಲಿ ಎಲೆಯಡಿಕೆ ಹಾಕಿಕೊಂಡು, "ಆ ಮೂಲೆ ನೋಡ್ಲಾ, ಕುಡ್ದಂಗೆ ನಿಂತೈತೆ," ಅಂತ ತಪಾಸಣೆ ನಡೆಸಿದರು. ಮೂರು ಸಲ ಬಿಚ್ಚಿಸಿದರು. ಸರ್ಕಾರದ ತಪಾಸಣೆ ಇದಕ್ಕಿಂತ ಎಷ್ಟೋ ಹಗುರ.

ಕಡೆಗೆ ಅಜ್ಜಿ ಬುಡದ ಮಣ್ಣಿನ ಸಮೇತ ಗಿಡವನ್ನು ಕೂಸಿನಂತೆ ಎತ್ತಿ ಹೊಸ ಕಟ್ಟೆಯಲ್ಲಿ ಕೂರಿಸಿದರು. ನಾನು ಉಳಿದ ಮಣ್ಣು ಬಗೆದೆ. ಬೋಲ್ಟು ಕಂಡಿತು, ಕುಂಕುಮ ಹಚ್ಚಿಕೊಂಡು. ಉಜ್ಜಿ ತೊಳೆದೆ, ಮುಚ್ಚಳ ಹಾಕಿದೆ, ಪಿಟ್ಟಿನ ನಂಬರ್ ಹೊಸದಾಗಿ ಬರೆದೆ.

ಮೇಡಂ ಬಂದವರು ಮೊದಲು ನೋಡಿದ್ದು ಹೊಸ ಕಟ್ಟೆಯನ್ನು. "ಡ್ರಾಯಿಂಗ್‌ನಾಗ ಎರಡ ಪಿಟ್ ಅದಾವು. ಇದು ಮೂರನೇದು ಎಲ್ಲಿಂದ ಬಂತು?"

"ಅದು ತುಳಸಿ ಕಟ್ಟೆ ಮೇಡಂ. ನಂಗೆ ಅಳತೆ ಗೊತ್ತಿರೋದು ಪಿಟ್‌ದು ಒಂದೇ, ಹಂಗಾಗಿ..."

"ಮತ್ತ ಅದಕ್ಕೂ ನಂಬರ್ ಬರದೀರಲ್ರಿ!"

ನೋಡಿದೆ. ಕೈ ರೂಢಿಯಲ್ಲಿ, ತುಳಸಿಯ ಕೆಳಗೆ ದಪ್ಪಗೆ ಮೂರು ಅಂತ ಪೇಂಟ್ ಹೊಡೆದಿದ್ದೆ. ಈ ಸಲ ಮೇಡಂ ನಕ್ಕರು. ಆದರೆ ನಕ್ಕಿದ್ದಕ್ಕೆ ಪಾಸ್ ಮಾಡುವವರಲ್ಲ. ಬೋಲ್ಟ್ ಬಿಚ್ಚಿಸಿದರು, ನೆಲಕ್ಕೆ ಕಂಬಿ ಚುಚ್ಚಿಸಿದರು, ಮೀಟರ್ ನೋಡಿದರು. ಇನ್ನೊಮ್ಮೆ ಅಳೆದರು. ನಾನು ಉಸಿರಾಡುವುದನ್ನು ಮುಂದಕ್ಕೆ ಹಾಕಿದ್ದೆ.

"ಅಳತಿ ಸರಿ ಬಂದದ," ಅಂದರು. "ಚಾರ್ಟ್ ತಿರುಗಿಸಿ ಹಾಕ್ರಿ. ಬರ್ಕೊಡ್ತೀನಿ."

ಕರೆಂಟು ಬಂದ ದಿನ ಕಂಟ್ರಾಕ್ಟರ್ ಕೂಡ ಬಂದಿದ್ದರು. ಶೆಡ್ಡು ಬಾಡಿಗೆಗೆ ಹಿಡಿದ ವಾಷರ್ ಕಂಪನಿಯವರು ನನ್ನ ಕಡೆ ತಿರುಗಿ, "ಮೆಷಿನ್‌ಗಳ ಮೇನ್ ನೀವೇ ಹಾಕಿ ಸಾರ್," ಅಂದರು. ಜೀವನದಲ್ಲಿ ಮೊದಲ ಸಲ ಯಾರೋ ನನ್ನನ್ನು ಸಾರ್ ಅಂದದ್ದು. ನಾನು ಗಂಭೀರವಾಗಿ ಹೋಗಿ ಸ್ವಿಚ್ ಎತ್ತಿದೆ. ಬಾತ್‌ರೂಮಿನ ಲೈಟು ಹತ್ತಿತು.

"ಪಕ್ಕದ್ದು," ಅಂದರು ಕಂಟ್ರಾಕ್ಟರ್, ಮುಂದಿನ ಸೈಟಿನ ಬೀಗದ ಕೈಯನ್ನು ನನ್ನ ಜೇಬಿಗೆ ಹಾಕುತ್ತಾ.

ಪಕ್ಕದ್ದು ಎತ್ತಿದೆ. ಮೆಷಿನ್‌ಗಳು ಒಟ್ಟಿಗೆ ಗುರುಗುಟ್ಟಿದವು.